ಕಲ್ಲಮ್ಮನ ಸ್ವಂತ ಸೂರು

ವೆಂಕಟಯ್ಯನವರು ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡದೆ ಮಾತಾಡಿದರು. ಚಪ್ಪಲಿ ಬಿಟ್ಟರೆ ಒಳಗೆ ಬಂದು ಕೂರಬೇಕಾಗುತ್ತಿತ್ತು, ಕೂತರೆ ಕಾಫಿ ಕುಡಿಯಬೇಕಾಗುತ್ತಿತ್ತು. ಅವರು ಆಡಲು ಬಂದಿದ್ದ ಮಾತು ಆ ಮನೆಯ ಕಾಫಿ ಕುಡಿದು ಆಡುವಂಥದ್ದಾಗಿರಲಿಲ್ಲ.

ತಿಪಟೂರಿನ ಆ ವಠಾರ ಅವರದು. ಸಾಲಾಗಿ ಆರು ಮನೆ, ಹಿಂದೆ ಒಂದು ಬಾವಿ. ಮೂರನೆಯ ಮನೆಯಲ್ಲಿ ಕೊಬ್ಬರಿ ಮಂಡಿಯ ಶಂಭುಲಿಂಗಯ್ಯ, ಅವನ ಹೆಂಡತಿ ಸರ್ವಮಂಗಳ, ತಾಯಿ ಕಲ್ಲಮ್ಮ, ಮೂವರೇ ಇದ್ದರು. ಕಲ್ಲಮ್ಮ ಹಾಸಿಗೆ ಹಿಡಿದು ತಿಂಗಳಾಗಿತ್ತು. ಕಾಲು ಊದಿ ಬಾಳೆ ದಿಂಡಿನಂತಾಗಿದ್ದವು. ಎದೆಯ ಶಕ್ತಿ ಇಳಿದಿದೆ, ಇನ್ನು ಇದ್ದಷ್ಟು ದಿನ ಎಂದು ಡಾಕ್ಟರು ಹೇಳಿ ಹೋಗಿದ್ದರು. ಆ ಮಾತು ವಠಾರವೆಲ್ಲ ಹರಡಿ, ಕೊನೆಗೆ ಯಜಮಾನರ ಕಿವಿಗೂ ಬಿದ್ದಿತ್ತು.

"ತಪ್ಪು ತಿಳ್ಕೋಬ್ಯಾಡಿ ಶಂಭುಲಿಂಗಯ್ಯನವ್ರೇ. ಅಮ್ಮೋರಿಗೆ ಏನಾರ ಆಗೋಕ್ ಮುಂಚೆ ಎಲ್ಲಾರ ನಿಮ್ಮ ನೆಂಟರ ಮನೆಗೆ ಸಾಗಿಸ್ಬುಡಿ. ಕೆಟ್ಟ ನಕ್ಷತ್ರದಾಗೆ ಹೋಗ್ಬುಟ್ರೆ ಆರು ತಿಂಗಳು ಮನೆ ಮುಚ್ಚಬೇಕು. ಅಕ್ಕಪಕ್ಕದೋರೂ ಹೆದರ್ಕೊಂಡು ಖಾಲಿ ಮಾಡ್ತಾರೆ. ನಾನೂ ಸಂಸಾರಸ್ಥ ಕಣ್ರೀ," ಎಂದರು ವೆಂಕಟಯ್ಯ.

ಅವರು ಕೆಟ್ಟವರಲ್ಲ. ಎರಡು ತಿಂಗಳ ಬಾಡಿಗೆ ನಿಂತರೂ ಗಟ್ಟಿಯಾಗಿ ಕೇಳದಿದ್ದವರು. ಆದರೆ ಆ ಸೀಮೆಯಲ್ಲಿ ಸಾವಿನ ನಕ್ಷತ್ರಕ್ಕೆ ಹೆದರದವರು ಯಾರು? ಧನಿಷ್ಠೆಯಿಂದ ಹಿಡಿದು ರೇವತಿಯವರೆಗಿನ ಐದು ನಕ್ಷತ್ರಗಳಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಗೆ ಬೀಗ ಹಾಕಿ, ಇದ್ದವರೆಲ್ಲ ಹೊರಗೆ ಹೋಗಬೇಕು. ಹೋಗದಿದ್ದರೆ ಅದೇ ಸೂರಿನಡಿ ಇನ್ನೊಂದು ಜೀವ ಹೋಗುತ್ತದೆ ಎನ್ನುವುದು ಜನರ ನಂಬಿಕೆ. ಲಿಂಗ ಕಟ್ಟಿಕೊಂಡವರಿಗೆ ಇದೆಲ್ಲ ಇಲ್ಲವೆಂದು ಮಠದಲ್ಲಿ ಹೇಳುತ್ತಿದ್ದರು. ಶಂಭುಲಿಂಗಯ್ಯನ ಮನೆಯವರೂ ಲಿಂಗವಂತರೇ. ಮಠದಲ್ಲಿ ಕೂತು ಆ ಮಾತಿಗೆ ತಲೆದೂಗಿ, ಮನೆಗೆ ಬಂದು ಪಂಚಾಂಗ ನೋಡುವವರೇ ಎಲ್ಲರೂ.

ಯಜಮಾನರು ಹೋದ ಮೇಲೆ ಒಳಗಿನಿಂದ ತಾಯಿಯ ದನಿ ಬಂತು. ಹಲಗೆಯ ಮರೆಯ ಹಿಂದೆ ಮಲಗಿದ್ದ ಅವಳಿಗೆ ಒಂದಕ್ಷರ ಬಿಡದೆ ಕೇಳಿಸಿತ್ತು.

"ಹೋದ್ನೇನ್ಲಾ ಅವ್ನು?"

"ಹೋದ್ರು ಕಣವ್ವ."

"ನಾನು ಕಂಡೋರ ಸೂರಡಿ ಸಾಯಾಕಿಲ್ಲ ಕಣ್ಲಾ ಶಂಭು. ನನಗೆ ಒಂದು ಮನೆ ಮಾಡು. ಸ್ವಂತದ್ದು. ಅದರಾಗೆ ಮಲಗಿ ಸಾಯ್ತೀನಿ. ಅಲ್ಲೀಗಂಟ ಉಸ್ರು ಹಿಡ್ಕೊಂಡಿರ್ತೀನಿ, ನೀನು ಹೆದರ್ಬ್ಯಾಡ."

ಹಾಗೆ ಹೇಳಿದವಳು ಗಂಜಿ ತಂದ ಸೊಸೆಯನ್ನು ಕಂಡು ದನಿ ಬದಲಾಯಿಸಿದಳು. "ಹೊನ್ನವಳ್ಳಿಯೋರು ಮಗಳಿಗೆ ಇಪ್ಪತ್ತು ತೆಂಗಿನಮರ ಬರೆದು ಕೈ ತೊಳ್ಕೊಂಡ್ರು. ಮರದ ಮೇಲೆ ಹೋಗಿ ಮಲಗಲಾ ನಾನು?"

ಹೊನ್ನವಳ್ಳಿ ಸೊಸೆಯ ತವರು. ಸರ್ವಮಂಗಳ ಗಂಜಿಯ ಲೋಟವನ್ನು ತಲೆಯ ಹತ್ತಿರ ಇಟ್ಟು ಒಲೆಯ ಕಡೆಗೆ ಹೋದಳು. ಮದುವೆಯಾದ ಎಂಟು ವರ್ಷಗಳಲ್ಲಿ ಅವಳು ಅತ್ತೆಗೆ ಎದುರುತ್ತರ ಕೊಟ್ಟವಳಲ್ಲ.

ಕಲ್ಲಮ್ಮ ಹುಟ್ಟಾ ಕೆಟ್ಟವಳೆಂದು ಹೇಳಲಾಗದು. ಹುಳಿಯಾರು ಕಡೆಯಿಂದ ಎಳೆಯ ಮಗನನ್ನು ಸೊಂಟದ ಮೇಲೆ ಹೊತ್ತು ತಿಪಟೂರಿಗೆ ಬಂದ ವಿಧವೆ. ಮಂಡಿಗಳಲ್ಲಿ ಕೊಬ್ಬರಿ ಆರಿಸಿ, ಕರಟ ಹೊತ್ತು ಮಗನನ್ನು ಸಾಕಿದಳು. ಎಷ್ಟು ಬಾಡಿಗೆ ಮನೆ ಬದಲಾಯಿಸಿದಳೋ ಅವಳಿಗೇ ನೆನಪಿರಲಿಲ್ಲ. ಒಂದು ಕಡೆ ನೀರು ಹೆಚ್ಚು ಸೇದಿದಳೆಂದು ಹಗ್ಗ ಕಿತ್ತುಕೊಂಡರು. ಇನ್ನೊಂದು ಕಡೆ ಮನೆಯೊಡತಿಯ ಮಗಳ ಮದುವೆ ಬಂತೆಂದು, ವಿಧವೆಯ ಮುಖ ಎದುರಾಗಬಾರದೆಂದು, ಮೂರು ದಿನ ಬೇರೆ ಕಡೆ ಇರಲು ಹೇಳಿದರು. ಅವಳು ಎಲ್ಲವನ್ನೂ ನುಂಗಿಕೊಂಡಳು... ನುಂಗಿದ್ದೆಲ್ಲ ಒಳಗೇ ಕಹಿಯಾಗಿ, ಸೊಸೆ ಬಂದ ಮೇಲೆ ಸೊಸೆಯ ಮೇಲೆ ಬಿತ್ತು. ಮಕ್ಕಳಾಗದ ಸರ್ವಮಂಗಳಳನ್ನು ಬೇರೆಯವರ ಸೀಮಂತದಲ್ಲಿ ಎಲ್ಲರೆದುರು ಹಿಂದಕ್ಕೆ ಎಳೆದು, ಬಂಜೆಯ ಕೈ ಮುತ್ತೈದೆಯ ಮಡಿಲಿಗೆ ತಾಗಬಾರದು ಎಂದಿದ್ದಳು. ಪ್ರತಿ ಸೋಮವಾರ ಉಪವಾಸ ಮಾಡಿಸಿ, ಮಾರನೆಯ ದಿನ ಉಪವಾಸದಿಂದ ಕೆಲಸ ಕೆಟ್ಟಿತೆಂದು ಬೈಯುತ್ತಿದ್ದಳು. ಪಂಚಾಂಗ ಅವಳ ನಾಲಿಗೆಯ ಮೇಲಿತ್ತು. ಎದ್ದ ಕೂಡಲೇ ತಿಥಿ, ನಕ್ಷತ್ರ ಹೇಳಿಕೊಂಡು, ಇವತ್ತು ತಲೆ ಬಾಚಬೇಡ, ಇವತ್ತು ತೆಂಕಣ ದಿಕ್ಕಿಗೆ ಹೋಗಬೇಡ ಎಂದು ಮನೆಯನ್ನೆಲ್ಲ ಕಟ್ಟಿ ಹಾಕುತ್ತಿದ್ದಳು.

ಮನೆ ಕೊಳ್ಳುವ ಮಾತು ಬಂದದ್ದು ಕೆಟ್ಟ ಕಾಲದಲ್ಲಿ. ಎಪ್ಪತ್ತೊಂಬತ್ತನೆಯ ಇಸವಿ ಇರಬೇಕು. ಕೊಬ್ಬರಿ ಧಾರಣೆ ಏರಿ, ತೋಟ ಇದ್ದವರ ಕೈಯಲ್ಲಿ ದುಡ್ಡು ಆಡುತ್ತಿತ್ತು. ಹಳ್ಳಿಯವರಿಗೆ ಮಕ್ಕಳ ಓದಿಗೆ ತಿಪಟೂರಿನಲ್ಲಿ ಮನೆ ಬೇಕು. ವ್ಯಾಪಾರಿಗಳಿಗೆ ಒಳ್ಳೆಯ ಅಟ್ಟ ಇರುವ ಮನೆ ಬೇಕು, ಏಕೆಂದರೆ ಕಾಯಿ ಅಟ್ಟದ ಮೇಲೆ ವರ್ಷ ಒಣಗಿದರೇ ಉಂಡೆ ಕೊಬ್ಬರಿ. ಮನುಷ್ಯರು ಇರಬೇಕಾದ ಮನೆಗಳನ್ನು ತೆಂಗಿನಕಾಯಿಗಾಗಿ ಕೊಳ್ಳುತ್ತಿದ್ದರು. ಬೆಳಿಗ್ಗೆ ಹೇಳಿದ ಕ್ರಯ ಸಂಜೆಗೆ ಇರುತ್ತಿರಲಿಲ್ಲ. ಮನೆ ಮಾರುತ್ತೇನೆ ಎಂದವನ ಜಗಲಿಯಲ್ಲಿ ಮೂರು ಜನ ಕಾದಿರುತ್ತಿದ್ದರು, ಅವನು ಮೂವರಿಗೂ ಕಾಫಿ ಕೊಟ್ಟು ನಗುತ್ತಿದ್ದನು.

ದಲ್ಲಾಳಿ ರಂಗಪ್ಪ ಸೈಕಲ್ಲಿನಲ್ಲಿ ಬಂದು ಶಂಭುಲಿಂಗಯ್ಯನನ್ನು ಊರೆಲ್ಲ ಸುತ್ತಿಸಿದನು. ಒಂದು ಮನೆಗೆ ಹಿತ್ತಿಲಿರಲಿಲ್ಲ, ಇನ್ನೊಂದರ ಗೋಡೆ ಹೊಟ್ಟೆ ಬಿಟ್ಟಿತ್ತು. ಅವೂ ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಮಾರಿಹೋದವು.

"ಯೋಚ್ನೆ ಮಾಡ್ತೀನಿ ಅಂತ ಹೇಳ್ಬ್ಯಾಡಿ ಸ್ವಾಮಿ. ನಿಮ್ಮ ಯೋಚ್ನೆ ಮುಗಿಯೋದ್ರಾಗೆ ಬೇರೆಯೋನು ಅಲ್ಲಿ ಹಾಲು ಉಕ್ಕಿಸ್ತಾ ಇರ್ತಾನೆ," ಎನ್ನುತ್ತಿದ್ದನು ರಂಗಪ್ಪ.

ಕೊನೆಗೆ ಗಂಗಾಧರಯ್ಯನೆಂಬುವನ ಮನೆ ಸಿಕ್ಕಿತು. ನಾಡಹೆಂಚಿನ ಸಣ್ಣ ಮನೆ. ಮುಂದೆ ಜಗಲಿ, ನಡುಮನೆ, ಒಳಕೋಣೆ, ತೇಗದ ಹಲಗೆಯ ಗಟ್ಟಿ ಅಟ್ಟ. ಹದಿನೆಂಟು ಸಾವಿರಕ್ಕೆ ಮಾತು ನಿಂತಿತು. ಶಂಭುಲಿಂಗಯ್ಯನ ಉಳಿತಾಯವಿತ್ತು, ಉಳಿದದ್ದನ್ನು ಮಂಡಿಯ ಸಾಹುಕಾರರು ಕೊಡಲು ಒಪ್ಪಿದ್ದರು. ಅಂದೇ ಮುಂಗಡ ಕೊಟ್ಟುಬಿಡಿ ಎಂದು ರಂಗಪ್ಪ ಗೋಗರೆದನು. ಆದರೆ ಎರಡು ದಿನದ ಹಿಂದೆ ಆಷಾಢ ಹುಟ್ಟಿತ್ತು.

"ಆಷಾಢದಾಗೆ ಮನೆಗೆ ದುಡ್ಡು ಮುಟ್ಟಿಸ್ತಾರೇನ್ಲಾ? ಆ ಮನೇಲಿ ನೀನು ಬಾಳ್ಬೇಕೋ ಬ್ಯಾಡ್ವೋ? ಶ್ರಾವಣದ ಮೊದಲ ಸೋಮವಾರ ಹೋಗು. ಅಲ್ಲೀಗಂಟ ಎಲೆ ಅಡಿಕೆ ಇಟ್ಟು ಮಾತು ತಗೊಂಡು ಬಾ, ಸಾಕು," ಎಂದಳು ಕಲ್ಲಮ್ಮ.

ಗಂಗಾಧರಯ್ಯನೂ ಅಮ್ಮನವರು ಹೇಳುವುದೇ ಸರಿ ಎಂದು ಒಪ್ಪಿಕೊಂಡನು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಇಬ್ಬರೂ ಮುಟ್ಟಿ ಮಾತು ಕೊಟ್ಟುಕೊಂಡರು. ದಾರಿಯಲ್ಲಿ ರಂಗಪ್ಪ ಸೈಕಲ್ ತಳ್ಳುತ್ತ, ನೂರು ರೂಪಾಯಿಯನ್ನಾದರೂ ಕೈಯಲ್ಲಿ ಹಿಡಿಸಬಾರದಾಗಿತ್ತೇ ಎಂದು ಹಲುಬಿದನು. ತಾಯಿಯ ಮಾತು ಮೀರಿ ತಂದ ಮನೆಯಲ್ಲಿ ತಾಯಿ ಕಣ್ಣು ಮುಚ್ಚುವುದುಂಟೇ ಎಂದು ಶಂಭುಲಿಂಗಯ್ಯ ಮುಂದೆ ನಡೆದನು.

ಆ ಒಂದು ತಿಂಗಳು ವಠಾರದ ಮನೆಯಲ್ಲಿ ಕಂಡ ಸಂತೋಷ ಮುಂದೆಂದೂ ಕಾಣಲಿಲ್ಲ. ಕಲ್ಲಮ್ಮ ಹಾಸಿಗೆಯಲ್ಲೇ ಎದ್ದು ಕೂತು, ಒಳಕೋಣೆಯಲ್ಲಿ ತಲೆ ಯಾವ ಕಡೆ ಹಾಕಿ ಮಲಗುವುದು, ದೇವರ ಗೂಡು ಎಲ್ಲಿ ಎಂದು ಮಗನನ್ನು ದಿನವೂ ಕೇಳಿ ಕೇಳಿ ತಿಳಿದುಕೊಂಡಳು. ಒಂದು ದಿನ ಸೊಸೆಯ ಕೈಯ ಸಾರನ್ನೂ ಬೈಯದೆ ಉಂಡಳು.

ಶ್ರಾವಣದ ಸೋಮವಾರ ಶಂಭುಲಿಂಗಯ್ಯ ಹಣ್ಣುಕಾಯಿಯ ತಟ್ಟೆ ಹಿಡಿದು ಹೋದಾಗ ಗಂಗಾಧರಯ್ಯನ ಜಗಲಿಯ ಮೇಲೆ ಬೇರೊಬ್ಬ ಕೊಬ್ಬರಿ ವ್ಯಾಪಾರಿ ಕೂತಿದ್ದನು. ಅವನಿಗೆ ಆಷಾಢದ ಭಯವಿರಲಿಲ್ಲ. ತಿಂಗಳೆಲ್ಲ ಬಂದು ಬಂದು ಕ್ರಯ ಏರಿಸಿದ್ದನು. ಅವನಿಗೆ ಬೇಕಾಗಿದ್ದದ್ದು ಅಟ್ಟ ಮಾತ್ರ.

ಗಂಗಾಧರಯ್ಯ ತಲೆ ತಗ್ಗಿಸಿಕೊಂಡೇ ಹೇಳಿದನು. "ಇಪ್ಪತ್ತಾರು ಅಂತಾವ್ರೆ ಕಣಪ್ಪ ಇವರು. ನನಗೂ ಹೆಣ್ಣುಮಕ್ಕಳವ್ರೆ. ಎಲೆ ಅಡಿಕೆ ಮುಟ್ಟಿದ್ದೀನಲ್ಲ ಅಂತ ಶುಕ್ರವಾರದ ತನಕ ನಿನಗೆ ಇಟ್ಟಿರ್ತೀನಿ. ಅಷ್ಟೇ ತಂದ್ರೆ ಮನೆ ನಿಂದೇ."

ತಟ್ಟೆಯನ್ನು ಹಾಗೆಯೇ ಹಿಡಿದು ಮನೆಗೆ ಬಂದ ಮಗನನ್ನು ಕಲ್ಲಮ್ಮ ಏನೂ ಕೇಳಲಿಲ್ಲ. ಕೇಳಬೇಕಾದ್ದೇ ಇರಲಿಲ್ಲ. ಕಾಯಿ ಒಡೆಯದೆ ತಟ್ಟೆಯಲ್ಲೇ ಇತ್ತು. ಅವಳು ಗೋಡೆಯ ಕಡೆ ಹೊರಳಿದಳು. ಅಂದು ಗಂಜಿ ಮುಟ್ಟಲಿಲ್ಲ, ಮಾರನೆಯ ದಿನವೂ ಮುಟ್ಟಲಿಲ್ಲ. ಬೈಯಲಿಲ್ಲ, ನರಳಲಿಲ್ಲ. ತಾನೇ ಹಾಕಿಸಿದ ತಿಂಗಳ ಗಡುವು ತನ್ನ ಮನೆಯನ್ನು ನುಂಗಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳ ಬೈಗುಳಕ್ಕೆ ಒಗ್ಗಿಹೋಗಿದ್ದ ಸರ್ವಮಂಗಳಳಿಗೆ ಈ ಮೌನ ಸಹಿಸಲಾಗಲಿಲ್ಲ.

ಅವಳು ಗಂಡನನ್ನು ಹಿತ್ತಿಲಿಗೆ ಕರೆದು, ತನ್ನ ಇಪ್ಪತ್ತು ಮರ ಮಾರಿಬಿಡೋಣ ಎಂದಳು. ಅವನು ಬೆಚ್ಚಿದನು. ಅದು ಅವಳ ಅಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಹೊನ್ನವಳ್ಳಿಯಲ್ಲಿ ಅಣ್ಣನ ತೋಟದ ನಡುವೆ ಇರುವ ಪಟ್ಟಿ. ವರ್ಷಕ್ಕೊಮ್ಮೆ ಕಾಯಿ ಬೀಳುವಾಗ ಅಣ್ಣ ಬಂದು ಕರೆದುಕೊಂಡು ಹೋಗಿ, ಸೀರೆ ಉಡಿಸಿ, ಮಡಿಲು ತುಂಬಿ ಕಳಿಸುತ್ತಿದ್ದನು. ಆ ಮರಗಳು ಹೋದರೆ ತವರಿನ ಹಾದಿಯೂ ಹೋಗುತ್ತದೆ. ನಿನ್ನನ್ನು ಅಷ್ಟು ಗೋಳಾಡಿಸಿದವಳಿಗಾಗಿ ಯಾಕೆ ಮಾಡುತ್ತೀ ಎಂದು ಶಂಭುಲಿಂಗಯ್ಯ ಕೇಳಿಯೇ ಬಿಟ್ಟನು.

"ಗೋಡೆಗೆ ಮುಖ ಮಾಡ್ಕೊಂಡೇ ಹೋಗ್ಬುಟ್ರೆ, ಆಮೇಲೆ ನಾನು ಯಾವ ಮನೇಲಿದ್ರೂ ಆ ಬೆನ್ನೇ ಕಾಣ್ತಿರ್ತದೆ ಕಣ್ರೀ," ಎಂದಳು ಸರ್ವಮಂಗಳ. ಆಮೇಲೆ, ಎರಡು ತಿಂಗಳಿಂದ ತಾನು ಹೊರಗಾಗಿಲ್ಲವೆಂದೂ ಹೇಳಿದಳು. ಯಾರಿಗೂ ಹೇಳಲು ಧೈರ್ಯ ಬಂದಿರಲಿಲ್ಲ, ಎಂಟು ವರ್ಷದಲ್ಲಿ ಎಷ್ಟು ಸಲ ಆಸೆ ಹುಟ್ಟಿ ಸತ್ತಿತ್ತೋ...

ಮಾರನೆಯ ದಿನ ಬೆಳಗಿನ ಬಸ್ಸಿಗೆ ಅವಳೊಬ್ಬಳೇ ಹೊನ್ನವಳ್ಳಿಗೆ ಹೋದಳು. ಅಣ್ಣ ವೀರಭದ್ರಯ್ಯ ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿದನು. ಕೇಳುತ್ತ ಕೇಳುತ್ತ ಅವನ ಮುಖ ಕಪ್ಪಿಟ್ಟಿತು.

"ನಿನ್ನ ಬಂಜೆ ಅಂತ ಬೀದೀಲಿ ಕರೆದೋಳಿಗೆ ಅಪ್ಪನ ಮರ ಮಾರಿ ಮನೆ ಕೊಡಿಸ್ತೀಯ?"

"ಅವರಿಗೆ ಬೇರೆ ಆಸೆ ಇಲ್ಲ ಕಣಣ್ಣ."

"ನನಗೂ ಒಂದು ಆಸೆ ಇತ್ತು, ನನ್ನ ತಂಗಿ ಮರ ನನ್ನ ತೋಟದ ನಡುವೆ ಇರ್ಲಿ ಅಂತ. ಅದಕ್ಕೇ ಒಂದು ಕಾಯಿ ಮುಟ್ಟದೆ ನಿನಗೆ ತಂದು ಹಾಕ್ತಿದ್ದೆ." ಅವನು ಎದ್ದು ನಿಂತನು. "ಕಂಡೋರಿಗೆ ಮಾರಿ ತೋಟ ಒಡೀಬ್ಯಾಡ. ಬೀದಿ ಬೆಲೆಗೆ ನಾನೇ ತಗೋತೀನಿ. ಆದ್ರೆ ದುಡ್ಡು ಎಣಿಸ್ಕೊಂಡ ಮೇಲೆ ನಿನಗೂ ಈ ಮನೆಗೂ ಆಯ್ತು."

ಸರ್ವಮಂಗಳಳಿಗೆ ಕಣ್ಣು ಮಂಜಾಯಿತು. "ಅಣ್ಣಯ್ಯ... ನಾನು ಬಸುರಿ."

ಈ ಮಾತಿಗಾಗಿ ವೀರಭದ್ರಯ್ಯನೂ ಎಂಟು ವರ್ಷ ಹರಕೆ ಹೊತ್ತವನು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆಯುವ ಜಾತಿಯವನಲ್ಲ.

"ಹಂಗಾದ್ರೆ ಹೆರಿಗೆನೂ ಆ ಮನೇಲೇ ಮಾಡ್ಕೋ. ನಿನ್ನತ್ತೆ ಬಾಣಂತನ ಮಾಡ್ತಾಳೆ," ಎಂದನು.

ಅತ್ತಿಗೆ ಹೊರಡುವಾಗ ಕುಂಕುಮದ ಬಟ್ಟಲು ಹಿಡಿದು ಬಾಗಿಲವರೆಗೂ ಬಂದು, ಗಂಡನ ಮುಖ ನೋಡಿ ನಿಂತುಬಿಟ್ಟಳು. ಸರ್ವಮಂಗಳ ತವರಿನ ಕುಂಕುಮವಿಲ್ಲದೆ ಬಸ್ಸು ಹತ್ತಿದಳು.

ಶುಕ್ರವಾರ ದುಡ್ಡು ಮುಟ್ಟಿತು. ಗಂಗಾಧರಯ್ಯ ಮನೆ ಖಾಲಿ ಮಾಡಿಕೊಟ್ಟ ಮೇಲೆ, ಕಾರ್ತಿಕದಲ್ಲಿ ಹಾಲು ಉಕ್ಕಿಸಿದರು. ಕಲ್ಲಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಹಮಾಲರು ಹೊತ್ತು ತಂದರು. ಅವಳು ಕುರ್ಚಿಯಿಂದ ಇಳಿದು, ಸೊಸೆಯ ಹೆಗಲು ಹಿಡಿದು, ನಾಲ್ಕು ಗೋಡೆಯನ್ನೂ ಅಂಗೈಯಿಂದ ಸವರುತ್ತ ಒಂದು ಸುತ್ತು ಬಂದಳು. ಸುಣ್ಣ ಹತ್ತಿದ ಕೈಯನ್ನು ನೋಡಿಕೊಂಡಳು. ಒಳಕೋಣೆಯಲ್ಲಿ ಹಾಸಿಗೆ ಹಾಸಿದಾಗ, ಇಲ್ಲಿಂದ ನನ್ನನ್ನು ಯಾರೂ ಎಬ್ಬಿಸುವ ಹಾಗಿಲ್ಲ ಎಂದು ಯಾರಿಗೋ ಹೇಳುವಂತೆ ಹೇಳಿದಳು. ಮರ ಮಾರಿದ ಮಾತನ್ನು ಎತ್ತಲೇ ಇಲ್ಲ. ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಆದರೆ ಅಂದಿನಿಂದ ಬಂಜೆ ಎಂಬ ಪದ ಅವಳ ಬಾಯಲ್ಲಿ ಬರಲಿಲ್ಲ, ಬರಲು ಕಾರಣವೂ ಉಳಿದಿರಲಿಲ್ಲ. ಸೊಸೆಯ ಹೊಟ್ಟೆ ಕಾಣುತ್ತಿತ್ತು. ಬಗ್ಗಿ ಕಸ ಗುಡಿಸಬೇಡ ಎಂದು ಗದರುವಳು. ಗದರುವ ದನಿ ಹಳೆಯದೇ.

ಸಾಹುಕಾರರ ಸಾಲ ತೀರಿಸಲೆಂದು ಅಟ್ಟವನ್ನು ಒಬ್ಬ ತೋಟದವನಿಗೆ ಕಾಯಿ ತುಂಬಲು ಬಾಡಿಗೆಗೆ ಕೊಟ್ಟರು. ಮನೆಯವರು ಕೆಳಗೆ, ಕಾಯಿಗಳು ಮೇಲೆ. ಒಲೆ ಉರಿಯುತ್ತಿದ್ದರೆ ಆ ಬಿಸಿಗೆ ಕಾಯಿ ಚೆನ್ನಾಗಿ ಒಣಗುತ್ತದೆ. ಮನೆಯಲ್ಲಿ ಜನ ಇರಬೇಕು, ಹೊಗೆ ಏಳಬೇಕು. ಅದೇ ಕರಾರು.

ಪುಷ್ಯ ಮಾಸದ ಕೊನೆಗೆ ಕಲ್ಲಮ್ಮನಿಗೆ ಉಸಿರು ಕಟ್ಟತೊಡಗಿತು. ಎದುರು ಮನೆಯ ಬೋರಮ್ಮ ಬಂದು ನೋಡಿ, ಇನ್ನು ಎರಡು ಮೂರು ದಿನ ಎಂದು ಸೊಸೆಗೆ ಸನ್ನೆ ಮಾಡಿ ಹೋದಳು. ಡಾಕ್ಟರೂ ಅದನ್ನೇ ಹೇಳಿದರು. ಅಮಾವಾಸ್ಯೆ ಕಳೆದ ಬೆಳಿಗ್ಗೆ, ಶಂಭುಲಿಂಗಯ್ಯ ಪಂಚಾಂಗ ನೋಡುವ ಅಯ್ಯನವರನ್ನು ಕಂಡು ಬರಲು ಹೋಗಿದ್ದಾಗ, ಮುದುಕಿ ಕಣ್ಣು ತೆರೆದಳು.

"ಮಂಗಳಾ, ಇವತ್ತು ಯಾವ ನಕ್ಷತ್ರ ಕಣೇ?"

ಅವಳು ಎಂದೂ ಈ ಪ್ರಶ್ನೆ ಬೇರೆಯವರನ್ನು ಕೇಳಿದವಳಲ್ಲ. ಸರ್ವಮಂಗಳ ಬೆವರೊರೆಸುತ್ತ, "ಶ್ರವಣ ಅತ್ತೆಮ್ಮ," ಎಂದಳು.

"ಶ್ರವಣ ನೆನ್ನೆಗೆ ಮುಗೀತು. ನನಗೇ ಸುಳ್ಳು ಹೇಳ್ತೀಯ." ಕಲ್ಲಮ್ಮ ಉಸಿರಿಗಾಗಿ ಸ್ವಲ್ಪ ಹೊತ್ತು ಕಾದಳು. "ನಿಮ್ಮಣ್ಣ ಬಂದಿದ್ನಾ, ಕರ್ಕೊಂಡೋಗೋಕೆ?"

"ಇಲ್ಲ."

"ಬತ್ತಾನಾ?"

ಸರ್ವಮಂಗಳ ಬಟ್ಟೆಯನ್ನು ನೀರಿಗದ್ದಿ ಹಿಂಡಿದಳು. ತವರಿನಲ್ಲಿ ಏನಾಯಿತೆಂದು ಅವಳು ಅತ್ತೆಗೆ ಹೇಳಿರಲಿಲ್ಲ. ಆದರೆ ಎಂಟನೆಯ ತಿಂಗಳಿಗೂ ತವರಿನವರು ಹಸಿರು ಬಳೆ ತೊಡಿಸಲು ಬಾರದ ಮನೆಯಲ್ಲಿ ಏನು ನಡೆದಿದೆ ಎಂಬುದು ಮುದುಕಿಗೆ ಗೊತ್ತಾಗದೇ ಇರುತ್ತದೆಯೇ?

"ಐದು ದಿನ ಈ ಜೀವ ತಡೆಯಾಕಿಲ್ಲ ಕಣೇ. ಇಲ್ಲೇ ಹೋದ್ರೆ ನೀವು ಮನೆ ಬಿಡ್ಬೇಕು. ತುಂಬಿದ ಬಸುರಿಗೆ ಯಾವೋನು ಬಾಡಿಗೆಗೆ ಕೊಡ್ತಾನೆ ಈ ಊರಾಗೆ? ದುಡ್ಡಿದ್ದೋರಿಗೇ ಮನೆ ಇಲ್ಲ." ಅವಳು ಮತ್ತೆ ಉಸಿರೆಳೆದುಕೊಂಡಳು. "ನನ್ನ ಎತ್ತಿ ಆಚೆಗೆ ಇಡಿ."

ಸರ್ವಮಂಗಳಳ ಕೈಯಿಂದ ಬಟ್ಟೆ ಜಾರಿತು. "ಏನು ಮಾತು ಅತ್ತೆಮ್ಮ... ನಿಮಗೋಸ್ಕರ ತಗೊಂಡ ಮನೆ ಇದು."

"ಗೊತ್ತು ಕಣೇ. ಯಾರ ದುಡ್ಡಲ್ಲಿ ಅಂತಾನೂ ಗೊತ್ತು."

ಅಷ್ಟು ಹೊತ್ತಿಗೆ ಶಂಭುಲಿಂಗಯ್ಯ ಬಂದನು. ಅವನ ಮುಖ ನೋಡಿದರೇ ಅಯ್ಯನವರು ಏನು ಹೇಳಿದರೆಂಬುದು ತಿಳಿಯುತ್ತಿತ್ತು. ಧನಿಷ್ಠೆ ಹುಟ್ಟಿದೆ. ತಾಯಿಯ ಮಾತು ಕೇಳಿ ಅವನು ಹಾಸಿಗೆಯ ಪಕ್ಕ ಕೂತುಬಿಟ್ಟನು. ಲಿಂಗ ಕಟ್ಟಿದವರಿಗೆ ನಕ್ಷತ್ರ ಏನು, ನಾನು ಮನೆ ಬಿಡುವುದೇ ಇಲ್ಲ, ಇಲ್ಲೇ ಇರುತ್ತೇನೆ, ಯಾರು ಏನು ಮಾಡುತ್ತಾರೋ ನೋಡುತ್ತೇನೆ ಎಂದು ಮಕ್ಕಳಂತೆ ಅತ್ತನು. ಕಲ್ಲಮ್ಮ ಕೇಳಿಸಿಕೊಂಡಳು.

"ನೀನು ಇರ್ತೀಯ. ಅಟ್ಟದೋನು ಇಲ್ಲಿ ಕಾಯಿ ಇರಿಸ್ತಾನಾ? ಹೆರಿಗೆಗೆ ಯಾವಳು ಒಳಗೆ ಕಾಲಿಡ್ತಾಳೆ? ಆಮೇಲೆ ಮಗೀಗೆ ಒಂದು ಕೆಮ್ಮು ಬಂದ್ರೂ, ಇವಳು ನನ್ನ ಹೆಸರು ಹೇಳ್ಕೊಂಡು ನಡುಗ್ತಾಳೆ." ಅವಳು ಮಗನ ತಲೆಯ ಮೇಲೆ ಕೈ ಇಟ್ಟಳು. "ಜಗಲಿ ಮ್ಯಾಲೆ ಬ್ಯಾಡ. ಜಗಲಿನೂ ಮನೇದೇ. ಸೂರಿನ ನೀರು ಬೀಳೋ ಗೆರೆ ದಾಟಿಸಿ ಇಡಿ."

ಶಂಭುಲಿಂಗಯ್ಯ ಏಳಲಿಲ್ಲ. ಮಧ್ಯಾಹ್ನವಾಯಿತು. ಕಲ್ಲಮ್ಮನ ಉಗುರು ನೀಲಿಯಾಗುತ್ತ ಬಂದವು. ಅವಳು ಸೊಸೆಯನ್ನೇ ನೋಡುತ್ತಿದ್ದಳು. ಬೇಡುವ ನೋಟವಲ್ಲ ಅದು. ಎಂಟು ವರ್ಷ ನೀರು ತಾ, ಒಲೆ ಹಚ್ಚು ಎಂದು ಹೇಳಿದ ಅದೇ ನೋಟ. ಕೊನೆಗೆ ಸರ್ವಮಂಗಳ ಎದ್ದಳು. ಜಗಲಿಯ ಮುಂದಿನ ಖಾಲಿ ಜಾಗದಲ್ಲಿ ತೆಂಗಿನ ಗರಿ ಕಟ್ಟಿ ಸಣ್ಣ ಮರೆ ಮಾಡಲು ಗಂಡನಿಗೆ ಹೇಳಿದಳು. ಅವನು ಅಳುತ್ತಲೇ ಕಟ್ಟಿದನು. ಆಮೇಲೆ ಕಂಬಳಿಯ ಒಂದು ತುದಿ ಅವನು ಹಿಡಿದನು, ತಲೆಯ ಕಡೆ ಇವಳು ಹಿಡಿದಳು.

ನಡುಮನೆ ದಾಟಿದರು. ಹೊಸ್ತಿಲು ದಾಟಿದರು. ಜಗಲಿಯ ಮೆಟ್ಟಿಲಲ್ಲಿ ಸರ್ವಮಂಗಳ ಒಂದು ಕ್ಷಣ ಓಲಾಡಿದಳು.

"ಮೆಲ್ಲಕೆ ಕಣವ್ವ," ಎಂದಳು ಕಲ್ಲಮ್ಮ. "ಹೊಟ್ಟೆಗೆ ಒತ್ತುಸ್ಕೋಬ್ಯಾಡ."

ಅವಳು ಸೊಸೆಯನ್ನು ಅವ್ವ ಎಂದದ್ದು ಅದೇ ಮೊದಲು. ಆಡಿದ ಮಾತೂ ಅದೇ ಕೊನೆ. ಮಣ್ಣಿನ ಮೇಲೆ ಮಲಗಿಸುವಷ್ಟರಲ್ಲಿ ದನಿ ನಿಂತುಹೋಗಿತ್ತು.

ದನಿ ನಿಂತರೂ ಜೀವ ಹೋಗಲಿಲ್ಲ. ಆ ದಿನ ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ. ಮಾಘದ ಮಂಜು ಗರಿಯ ಸಂದಿಯಿಂದ ಕಂಬಳಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಸರ್ವಮಂಗಳ ಪಕ್ಕದಲ್ಲೇ ಕೂತು ತುಟಿಗೆ ನೀರು ಹಚ್ಚುತ್ತಿದ್ದಳು. ಅದು ಮಂಡಿಗೆ ಹೋಗುವ ದಾರಿ. ಗಾಡಿಯವರು ನಿಂತು ನೋಡಿದರು. ಹೆಂಗಸರು ಸೆರಗು ಬಾಯಿಗೆ ಹಿಡಿದು ನೋಡಿದರು. ಸ್ವಂತ ಮನೆ, ಒಳಗೆ ಕೋಣೆ ಇದೆ, ಮುದುಕಿ ಬೀದಿಯಲ್ಲಿದ್ದಾಳೆ! ಸುದ್ದಿ ಕೇಳಿ ವೆಂಕಟಯ್ಯನವರೂ ಬಂದರು. ನೆಂಟರ ಮನೆಗೆ ಕಳಿಸಿ ಎಂದಿದ್ದೆನೇ ಹೊರತು ನಾನೂ ಹೀಗೆ ಮಣ್ಣಿಗೆ ಹಾಕುತ್ತಿರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಕಣ್ಣೊರೆಸಿಕೊಂಡು ಹೋದರು.

ಅವ್ವನೇ ಕೇಳಿಕೊಂಡಳು, ಮಗುವಿಗಾಗಿ ಕೇಳಿಕೊಂಡಳು ಎಂದು ಶಂಭುಲಿಂಗಯ್ಯ ಒಬ್ಬೊಬ್ಬರಿಗೂ ಹೇಳಿದನು. ಯಾರೂ ನಂಬಲಿಲ್ಲ. ಹೇಗೆ ನಂಬುತ್ತಾರೆ? ಸ್ವಂತ ಸೂರಿನಡಿ ಸಾಯಬೇಕೆಂದು ಕಲ್ಲಮ್ಮ ಊರಿಗೆಲ್ಲ ಹೇಳಿಕೊಂಡು ಬಂದವಳು. ಸೊಸೆಯನ್ನು ಅವಳು ಹೇಗೆ ನಡೆಸಿಕೊಂಡಳೆಂಬುದೂ ಊರಿಗೆ ಗೊತ್ತು. ಸೊಸೆಗಾಗಿ ಅವಳು ಬೀದಿಗೆ ಬಂದಳೆಂದರೆ ಒಪ್ಪುವುದಕ್ಕಿಂತ, ಸೊಸೆ ಸೇಡು ತೀರಿಸಿಕೊಂಡಳೆಂದರೆ ಒಪ್ಪುವುದು ಸುಲಭವಾಗಿತ್ತು. ಕಲ್ಲಮ್ಮನ ಕಣ್ಣು ತೆರೆದೇ ಇದ್ದವು. ಬಂದವರ ಮಾತು ಅವಳಿಗೆ ಕೇಳಿಸುತ್ತಿತ್ತೋ ಏನೋ. ತುಟಿ ಒಂದೆರಡು ಸಲ ಅದುರಿದವು... ಮಾತು ಬರಲಿಲ್ಲ.

ಮೂರನೆಯ ದಿನ, ಬಿಸಿಲು ಗರಿಯ ಮೇಲೆ ಬೀಳುವ ಹೊತ್ತಿಗೆ, ಅವಳ ಬೆರಳು ಸೊಸೆಯ ಕೈಯಲ್ಲಿ ಸಡಿಲವಾದವು. ಆ ಐದು ನಕ್ಷತ್ರ ಇನ್ನೂ ಕಳೆದಿರಲಿಲ್ಲ. ಅಲ್ಲೇ ಮೀಸಿ, ವಿಭೂತಿ ಹಚ್ಚಿ, ಅಲ್ಲೇ ಕೂರಿಸಿದರು. ಮನೆಯ ಬಾಗಿಲಿನ ಕಡೆ ಮುಖ ಮಾಡಿ ಕೂರಿಸೋಣ ಎಂದು ಶಂಭುಲಿಂಗಯ್ಯ ಹೇಳಿದಾಗ ಅಯ್ಯನವರು ಬೇಡವೆಂದರು. ಹೊನ್ನವಳ್ಳಿಯಿಂದ ಯಾರೂ ಬರಲಿಲ್ಲ. ಆದರೆ ವೀರಭದ್ರಯ್ಯ ಆಡಿದ ಮಾತು ಯಾರ ಬಾಯಲ್ಲೋ ಬಂದು ಮುಟ್ಟಿತು: ಅಪ್ಪನ ಮರ ಮಾರಿ ಕೊಂಡದ್ದು ಇದಕ್ಕೇನಾ, ಅತ್ತೆಯನ್ನು ಮಣ್ಣಲ್ಲಿ ಮಲಗಿಸೋದಕ್ಕೆ?

ಮನೆ ಬಿಡಬೇಕಾಗಲಿಲ್ಲ. ಒಲೆ ಆರಲಿಲ್ಲ. ಅಟ್ಟದ ಕಾಯಿ ಅಟ್ಟದಲ್ಲೇ ಉಳಿಯಿತು.

ತಿಂಗಳು ಕಳೆದು, ಒಂದು ಮಧ್ಯಾಹ್ನ, ಒಳಕೋಣೆಯಲ್ಲಿ ಸರ್ವಮಂಗಳಳಿಗೆ ಹೆಣ್ಣು ಮಗು ಹುಟ್ಟಿತು. ಬೀದಿಯ ಹೆಂಗಸರಲ್ಲಿ ಬೋರಮ್ಮನೊಬ್ಬಳೇ ಬಂದು ಹೆರಿಗೆ ಮಾಡಿಸಿದಳು. ಉಳಿದವರು ಬರಲಿಲ್ಲ. ಬಾರದವರ ಮನೆಯ ಬಾಗಿಲುಗಳನ್ನು ಸರ್ವಮಂಗಳ ಮುಂದೆ ಎಷ್ಟೋ ವರ್ಷ ದಿನವೂ ದಾಟಿ ನೀರಿಗೆ ಹೋಗಬೇಕಾಗಿತ್ತು. ಅವಳು ಆ ಮಾತನ್ನು ಗಂಡನೊಂದಿಗೂ ಎತ್ತಲಿಲ್ಲ. ನಿಜ ಹೇಳುತ್ತೇನೆಂದು ಬೀದಿಗೆ ಹೊರಟವನನ್ನು, ಕೂಸಿಗಾಗಿ ಸತ್ತಳೆಂಬ ಮಾತು ಕೂಸಿನ ಬೆನ್ನು ಹತ್ತುವುದು ಬೇಡವೆಂದು, ಒಮ್ಮೆ ತೋಳು ಹಿಡಿದು ಕೂರಿಸಿದ್ದಳು.

ಮಗುವಿಗೆ ಎಣ್ಣೆ ಹಚ್ಚುತ್ತ ಕೂತಿದ್ದ ಬೋರಮ್ಮ ಒಂದು ದಿನ ತಡೆಯಲಾರದೆ ಕೇಳಿದಳು.

"ನನ್ನತ್ರನಾದ್ರೂ ನಿಜ ಹೇಳೇ ಮಂಗಳಾ. ಮುದುಕೀನ ಆಚೆಗೆ ಹಾಕಿದ್ದು ನೀನೇ ತಾನೆ?"

ಸರ್ವಮಂಗಳ ಮಗುವನ್ನು ನೋಡಿದಳು. ಮೇಲೆ ಅಟ್ಟದಲ್ಲಿ ಕಾಯಿಗಳು ಸದ್ದಿಲ್ಲದೆ ಒಣಗುತ್ತಿದ್ದವು. ಬಿಸಿನೀರಿನ ಹಂಡೆ ಕುದಿಯುತ್ತಿತ್ತು.

"ಹೂಂ ಕಣಕ್ಕ. ತಲೆ ಕಡೆ ನಾನೇ ಹಿಡ್ಕೊಂಡಿದ್ದೆ," ಎಂದಳು.

ಸರ್ವಮಂಗಳ ಕೈ ಚಾಚಿ ಮಗುವನ್ನು ತೆಗೆದುಕೊಂಡು, ಕಾಲ ಮೇಲೆ ಮಲಗಿಸಿಕೊಂಡು, ಅದರ ನೆತ್ತಿಗೆ ಉಗುರುಬೆಚ್ಚಗಿನ ನೀರು ಹೊಯ್ಯತೊಡಗಿದಳು.